ಸಣ್ಣ ರೈಲಿಗೆ ವಾರಸುದಾರರಿಲ್ಲ

ಆದವಾನಿಯಿಂದ ಕರ್ನೂಲಿಗೆ ರೈಲಿನಲ್ಲಿ ಹೋಗಬೇಕೆಂದರೆ ಮೊದಲು ದಕ್ಷಿಣಕ್ಕೆ ಗುಂತಕಲ್ಲಿಗೆ ಇಳಿಯಬೇಕು, ಅಲ್ಲಿಂದ ಪೂರ್ವಕ್ಕೆ ಧೋಣೆಯ ಕಡೆ ತಿರುಗಬೇಕು, ಧೋಣೆಯಿಂದ ಮತ್ತೆ ಉತ್ತರಕ್ಕೆ ಏರಬೇಕು. ಸ್ವಂತ ಜಿಲ್ಲಾ ಕೇಂದ್ರವನ್ನು ಮುಟ್ಟಲು ಅನಂತಪುರ ಜಿಲ್ಲೆಯನ್ನೂ, 2022ರ ಪುನರ್ವಿಂಗಡಣೆಯ ನಂತರ ನಂದ್ಯಾಲ ಜಿಲ್ಲೆಯನ್ನೂ ಹಾಯಬೇಕು. ಎಮ್ಮಿಗನೂರು, ಕೋಡುಮೂರು, ಸಿ. ಬೆಳಗಲ್ ಜನರಿಗೆ ಈ ಸುತ್ತುದಾರಿಯ ಭಾಗ್ಯವೂ ಇಲ್ಲ. ಆ ಊರುಗಳಲ್ಲಿ ಹಳಿಯೇ ಇಲ್ಲ.

ಈ ಕೊರತೆ ಹಳೆಯದು, ಓದುಗರಿಗೆ ತಿಳಿದದ್ದು. ಇಂದು ಬರೆಯಲು ಕಾರಣ ಬೇರೆ. ಇರುವ ಹಳಿಗಳ ಮೇಲೂ ಸಣ್ಣ ನಿಲ್ದಾಣಗಳ ಪ್ರಯಾಣಿಕರು ಹಂತಹಂತವಾಗಿ ಹೊರಗುಳಿಯುತ್ತಿದ್ದಾರೆ. ಹೊಸ ಹಳಿ ಕೇಳಿದವರಿಗೆ, ಅಷ್ಟು ಸಂಚಾರವಿಲ್ಲ ಎಂಬ ಉತ್ತರ ಸಿಗುತ್ತಿದೆ. ಎರಡರ ಹಿಂದೆಯೂ ಇರುವುದು ಒಂದೇ ಅಲಿಖಿತ ನಿಯಮ: ಉದ್ದನೆಯ ಗಾಡಿ ತುಂಬದ ಕಡೆ ಯಾವ ಗಾಡಿಯೂ ಬೇಡ.

ಈ ನಿಯಮ ಅನಿವಾರ್ಯವಾಗಿರಲಿಲ್ಲ. ಮೂರು ದಶಕಗಳ ಹಿಂದೆ ಭಾರತೀಯ ರೈಲ್ವೆಯೇ ಇದಕ್ಕೊಂದು ಉತ್ತರ ಹುಡುಕಿತ್ತು. ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆ ತಯಾರಿಸಿದ ಆ ವಾಹನದ ಹೆಸರು ರೈಲ್‌ಬಸ್.

ಬಸ್ಸಿನ ಗಾತ್ರದ ಒಂದೇ ಬೋಗಿ, ಅದರಲ್ಲೇ ಅಡಗಿದ ಡೀಸೆಲ್ ಎಂಜಿನ್. ಪ್ರತ್ಯೇಕ ಲೋಕೋ ಬೇಡ. ಕೊನೆಯ ನಿಲ್ದಾಣದಲ್ಲಿ ಲೋಕೋವನ್ನು ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಇನ್ನೊಂದು ತುದಿಗೆ ಕಟ್ಟುವ ಕೆಲಸವಿಲ್ಲ. ಚಾಲಕ ಎದ್ದು ಆಚೆ ತುದಿಗೆ ನಡೆದರೆ ಗಾಡಿ ಮರುಪ್ರಯಾಣಕ್ಕೆ ಸಿದ್ಧ. ತೂಕ ಕಡಿಮೆಯಾದ್ದರಿಂದ ಇಂಧನವೂ ಕಡಿಮೆ, ಹಳೆಯ ಹಳಿಯ ಮೇಲೆ ಬೀಳುವ ಪೆಟ್ಟೂ ಕಡಿಮೆ. ನಲವತ್ತು ಐವತ್ತು ಜನರಿಗಾಗಿ ಹತ್ತು ಬೋಗಿಗಳನ್ನು ಎಳೆಯುವ ಅಪವ್ಯಯಕ್ಕೆ ಇದು ಸರಳವಾದ ಪರಿಹಾರವಾಗಿತ್ತು.

ಕರ್ನಾಟಕದಲ್ಲಿ ಇದು ಓಡಿದ ಎರಡು ಮಾರ್ಗಗಳ ಚರಿತ್ರೆಯನ್ನು ಈ ಭಾಗದ ಓದುಗರು ಗಮನವಿಟ್ಟು ನೋಡಬೇಕು.

ಮೊದಲನೆಯದು ಬಂಗಾರಪೇಟೆ–ಕೋಲಾರ. 1913ರಲ್ಲಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಯಾಗಿ ಆರಂಭವಾದ ಈ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆದರೆ ಕೋಲಾರದಿಂದಾಚೆ ಚಿಕ್ಕಬಳ್ಳಾಪುರದವರೆಗಿನ ಹಳಿ ಪರಿವರ್ತನೆಯಾಗದೆ ಉಳಿದಾಗ ಕೋಲಾರ ಒಂದು ಕುರುಡು ತುದಿಯಾಗಿ ನಿಂತಿತು. ಜಿಲ್ಲಾ ಕೇಂದ್ರವಾದರೂ ದೊಡ್ಡ ಗಾಡಿ ಅಲ್ಲಿಗೆ ಬರುವ ಕಾರಣವಿರಲಿಲ್ಲ. ಆ ಅವಧಿಯಲ್ಲಿ ಬಂಗಾರಪೇಟೆಯ ಮುಖ್ಯ ಮಾರ್ಗಕ್ಕೂ ಕೋಲಾರಕ್ಕೂ ನಡುವೆ ಓಡಾಡಿದ್ದು ರೈಲ್‌ಬಸ್. 2013ರಲ್ಲಿ ಚಿಕ್ಕಬಳ್ಳಾಪುರದ ಕೊಂಡಿ ಬ್ರಾಡ್‌ಗೇಜ್ ಆಗಿ ತೆರೆದುಕೊಂಡಾಗ ಕೋಲಾರದಲ್ಲಿ ಜೀವಂತ ನಿಲ್ದಾಣವಿತ್ತು, ಸಿಬ್ಬಂದಿ ಇದ್ದರು, ರೈಲು ಹತ್ತುವ ಅಭ್ಯಾಸ ಉಳಿಸಿಕೊಂಡ ಜನರಿದ್ದರು.

ಎರಡನೆಯದು ಶಿವಮೊಗ್ಗ–ತಾಳಗುಪ್ಪ. ಮೈಸೂರು ಸಂಸ್ಥಾನದ ಕಾಲದಲ್ಲಿ ಮಲೆನಾಡನ್ನು ಸೀಳಿಕೊಂಡು ಸಾಗರದ ಮೂಲಕ ಜೋಗದ ಸಮೀಪದವರೆಗೆ ಹೋದ ಮೀಟರ್‌ಗೇಜ್ ಹಳಿ ಅದು. ದೂರದರ್ಶನದ ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಅದರ ಅರಸಾಳು ನಿಲ್ದಾಣ ಪರಿಚಿತ. ಧಾರಾವಾಹಿಯ ನಿರ್ದೇಶಕ ಶಂಕರ್ ನಾಗ್ ಮಾಲ್ಗುಡಿಯ ನಿಲ್ದಾಣವನ್ನು ಅಲ್ಲಿ ಕಂಡರು. ನಾಡಿನ ಉಳಿದ ಮಾರ್ಗಗಳು ಒಂದೊಂದಾಗಿ ಬ್ರಾಡ್‌ಗೇಜ್ ಆಗುತ್ತಿದ್ದಂತೆ ಈ ಕೊನೆಯ ಕೊಂಬೆ ಒಣಗುವ ಹಂತಕ್ಕೆ ಬಂತು. ಮಾರ್ಗವನ್ನು ಮುಚ್ಚಲು ಬಿಡಬಾರದೆಂದು ಸಾಗರದ ಜನ ವರ್ಷಗಟ್ಟಲೆ ಹೋರಾಡಿದರು. ಆ ದುರ್ಬಲ ವರ್ಷಗಳಲ್ಲಿ ಹಳಿಯನ್ನು ಬಳಕೆಯಲ್ಲಿ ಉಳಿಸಿದ್ದು ರೈಲ್‌ಬಸ್. 2007ರಲ್ಲಿ ಮೀಟರ್‌ಗೇಜ್ ಸಂಚಾರ ನಿಂತಾಗ ಅದು ಗೇಜ್ ಪರಿವರ್ತನೆಯ ಕಾಮಗಾರಿಗಾಗಿ ನಿಂತಿತು. ಇಂದು ಬೆಂಗಳೂರು, ಮೈಸೂರುಗಳಿಂದ ತಾಳಗುಪ್ಪಕ್ಕೆ ನೇರ ರೈಲುಗಳಿವೆ.

ಎರಡೂ ಕಡೆ ರೈಲ್‌ಬಸ್ ತನ್ನ ಕೆಲಸ ಮುಗಿಸಿ, ತನಗಿಂತ ದೊಡ್ಡ ಗಾಡಿಗೆ ಜಾಗ ಬಿಟ್ಟಿತು. ಸಾರ್ವಜನಿಕ ಹಣದಿಂದ ತಯಾರಾದ ಒಂದು ವಾಹನದಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಹಳಿ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಆಂಧ್ರದಲ್ಲೇ ಉದಾಹರಣೆಯಿದೆ. ಗೋದಾವರಿ ಸೀಮೆಯ ಕಾಕಿನಾಡ–ಕೋಟಿಪಲ್ಲಿ ಮಾರ್ಗದ ಹಳಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಿತ್ತೊಯ್ದರು. 45 ಕಿಲೋಮೀಟರಿನ ಆ ಮಾರ್ಗ ಮತ್ತೆ ರೈಲು ಕಂಡದ್ದು 2004ರಲ್ಲಿ. ಎರಡು ತಲೆಮಾರು ಕಳೆದ ಮೇಲೆ ಬಂದ ಗಾಡಿಯೂ ರೈಲ್‌ಬಸ್ಸೇ. ನಂತರ ಅದೂ ನಿಂತಿತು.

ರೈಲ್‌ಬಸ್ಸಿನ ದೋಷಗಳನ್ನು ಮರೆಮಾಚುವ ಉದ್ದೇಶ ನಮಗಿಲ್ಲ. ಅದರ ಓಟ ಒರಟು. ಹಬ್ಬ, ಜಾತ್ರೆ, ಸಂತೆಯ ದಿನ ಅರ್ಧ ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿಯುವಷ್ಟು ಕಿರಿದು. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಗಾಡಿಗಳಿದ್ದುದರಿಂದ ಬಿಡಿಭಾಗಗಳಿಗೆ ಪರದಾಟ, ಪಳಗಿದ ಮೆಕ್ಯಾನಿಕ್‌ಗಳಿಗೂ ಪರದಾಟ. ಒಂದು ಗಾಡಿ ಕೆಟ್ಟರೆ ಬದಲಿ ಗಾಡಿ ಇಲ್ಲ. ಆ ದಿನದ ಸೇವೆಯೇ ರದ್ದು. ಹೀಗೆ ಪದೇಪದೇ ರದ್ದಾಗುವ ರೈಲನ್ನು ನಂಬಿ ಯಾರೂ ಕಚೇರಿಗೆ, ಕಾಲೇಜಿಗೆ ಹೋಗಲಾರರು. ಜನ ಬಸ್ಸಿಗೆ ಹೋಗುತ್ತಾರೆ. ಆಮೇಲೆ ಜನರೇ ಇಲ್ಲ ಎಂಬ ವರದಿ ತಯಾರಾಗುತ್ತದೆ.

ತಾಂತ್ರಿಕವಾದ ಇನ್ನೊಂದು ತೊಡಕಿತ್ತು, ಅದನ್ನು ಇಲ್ಲಿ ವಿವರಿಸಲೇಬೇಕು. ಹಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ ಪ್ರವಾಹವನ್ನು ಗಾಡಿಯ ಚಕ್ರಗಳು ಒಂದು ಹಳಿಯಿಂದ ಇನ್ನೊಂದಕ್ಕೆ ಬೆಸೆದಾಗ, ಆ ಭಾಗದಲ್ಲಿ ಗಾಡಿಯಿದೆ ಎಂಬುದು ಸಿಗ್ನಲ್ ವ್ಯವಸ್ಥೆಗೆ ತಿಳಿಯುತ್ತದೆ. ಗಾಡಿ ತೀರಾ ಹಗುರವಾಗಿದ್ದು ಹಳಿಗೆ ತುಕ್ಕು ಹಿಡಿದಿದ್ದರೆ ಈ ಬೆಸುಗೆ ತಪ್ಪಬಹುದು. ಗಾಡಿ ಸಿಗ್ನಲ್ಲಿಗೆ ಕಾಣದೇ ಹೋಗಬಹುದು. ಜೊತೆಗೆ, ಸಾವಿರಾರು ಟನ್ನಿನ ಗೂಡ್ಸ್ ಗಾಡಿಗಳು ಓಡುವ ಹಳಿಯಲ್ಲಿ ಬಸ್ಸಿನಂಥ ತೆಳು ಒಡಲಿನ ವಾಹನವನ್ನು ಬಿಡುವುದು ಸುರಕ್ಷತೆಯ ದೃಷ್ಟಿಯಿಂದ ಸರಿಯಲ್ಲ. ಮೊದಲ ಸಮಸ್ಯೆಗೆ ಆಕ್ಸಲ್ ಕೌಂಟರ್ ಎಂಬ ಉಪಕರಣದಲ್ಲಿ ಪರಿಹಾರವಿದೆ. ಅದು ಈಗ ನಮ್ಮ ಹಳಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಎರಡನೆಯದಕ್ಕೆ ಪರಿಹಾರ, ಸಣ್ಣ ಗಾಡಿಯನ್ನು ಸಣ್ಣ ಮಾರ್ಗಕ್ಕಷ್ಟೇ ಸೀಮಿತಗೊಳಿಸುವುದು.

ದೋಷಗಳಿದ್ದವು, ಪರಿಹಾರಗಳೂ ಇದ್ದವು. ಆದರೂ ಎರಡನೆಯ ತಲೆಮಾರಿನ, ಸುಧಾರಿತ ರೈಲ್‌ಬಸ್ ನಮ್ಮ ಕಡೆ ಬರಲೇ ಇಲ್ಲ.

ಬೇರೆ ದೇಶಗಳು ಹಾಗೆ ಕೈಬಿಡಲಿಲ್ಲ. ಯುದ್ಧದಲ್ಲಿ ಜರ್ಝರಿತವಾದ ಪಶ್ಚಿಮ ಜರ್ಮನಿ 1950ರಿಂದ ಉರ್ಡಿಂಗನ್ ಕಾರ್ಖಾನೆಯ ವಿನ್ಯಾಸದ ರೈಲ್‌ಬಸ್ಸುಗಳನ್ನು ಗ್ರಾಮೀಣ ಮಾರ್ಗಗಳಿಗೆ ತಂದಿತು. ಟ್ರೇಲರ್‌ಗಳೂ ಸೇರಿ ಸುಮಾರು 1,500 ವಾಹನಗಳು; ಕವಲು ಮಾರ್ಗಗಳನ್ನು ಉಳಿಸಿದ ಗಾಡಿ ಎಂದು ಅಲ್ಲಿಯ ಜನ ಅದನ್ನು ಈಗಲೂ ನೆನೆಯುತ್ತಾರೆ. ಜೆಕೊಸ್ಲೊವಾಕಿಯಾ 1970ರ ದಶಕದಲ್ಲಿ ಎರಡು ಅಚ್ಚಿನ ಸಣ್ಣ ಡೀಸೆಲ್ ಗಾಡಿಗಳನ್ನು ನೂರಾರು ಸಂಖ್ಯೆಯಲ್ಲಿ ನಿರ್ಮಿಸಿತು. ಸಂಖ್ಯೆ ದೊಡ್ಡದಿದ್ದಾಗ ಬಿಡಿಭಾಗ ಸಿಗುತ್ತದೆ, ಮೆಕ್ಯಾನಿಕ್ ಸಿಗುತ್ತಾನೆ, ಕೆಟ್ಟ ಗಾಡಿಗೆ ಬದಲಿ ಸಿಗುತ್ತದೆ. ನಮ್ಮಲ್ಲಿ ಇಲ್ಲದೇ ಹೋದದ್ದು ಇದೇ.

ಬ್ರಿಟನ್ನಿನ ಅನುಭವ ಎಚ್ಚರಿಕೆಯ ಪಾಠ. 1980ರ ದಶಕದಲ್ಲಿ ಲೇಲ್ಯಾಂಡ್ ಬಸ್ಸಿನ ಒಡಲನ್ನೇ ಆಧಾರವಾಗಿಟ್ಟುಕೊಂಡು ಅಲ್ಲಿ ತಯಾರಿಸಿದ ‘ಪೇಸರ್’ ಗಾಡಿಗಳು ತಾತ್ಕಾಲಿಕ ವ್ಯವಸ್ಥೆಯೆಂದು ಬಂದು ಮೂರು ದಶಕಗಳನ್ನು ಮೀರಿ ಓಡಿದವು. ಅವು ಪೂರ್ತಿಯಾಗಿ ನಿವೃತ್ತವಾದದ್ದು 2021ರಲ್ಲಿ. ಅಷ್ಟರಲ್ಲಿ ಉತ್ತರ ಇಂಗ್ಲೆಂಡಿನ ಪ್ರಯಾಣಿಕರು ಅವುಗಳನ್ನು ತಮ್ಮ ಪ್ರದೇಶದ ಉಪೇಕ್ಷೆಯ ಲಾಂಛನವೆಂದೇ ಭಾವಿಸಿದ್ದರು. ಅಗ್ಗದ ಗಾಡಿಯನ್ನು ಬಡ ಪ್ರದೇಶದ ಶಾಶ್ವತ ಪಾಲೆಂದು ತೀರ್ಮಾನಿಸಿದರೆ ಹೀಗಾಗುತ್ತದೆ. ಆದವಾನಿ, ರಾಯಚೂರುಗಳಿಗೂ ಅಂಥ ಪೇಸರ್ ಬೇಕೆಂದು ನಾವು ಕೇಳುತ್ತಿಲ್ಲ.

ಈಗ ನಮ್ಮ ಹಳಿಗೆ ಬರೋಣ.

ಮದರಾಸಿನಿಂದ ಬಂದ ಹಳಿ ಮತ್ತು ಮುಂಬಯಿಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆದವಾನಿ ಆಗಿನಿಂದ ರೈಲಿನ ಊರು. ಹತ್ತಿಯ ವ್ಯಾಪಾರ ಇಲ್ಲಿ ಬೆಳೆದು, ಜನ ತಮ್ಮ ಊರನ್ನು ಎರಡನೆಯ ಮುಂಬಯಿ ಎಂದು ಕರೆದುಕೊಳ್ಳುವಂತಾದದ್ದರಲ್ಲಿ ಈ ಹಳಿಯ ಪಾಲು ದೊಡ್ಡದು. ಆಗ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆದವಾನಿ, ಆಲೂರುಗಳ ಜಿಲ್ಲಾ ಕೇಂದ್ರ ಬಳ್ಳಾರಿಯ ಬದಲು ಕರ್ನೂಲಾಯಿತು. ಆಡಳಿತದ ನಕ್ಷೆ ಒಂದೇ ದಿನದಲ್ಲಿ ಬದಲಾಯಿತು. ರೈಲ್ವೆ ನಕ್ಷೆ ಏಳು ದಶಕಗಳು ಕಳೆದರೂ ಆ ಬದಲಾವಣೆಯನ್ನು ಗುರುತಿಸಿಲ್ಲ. ಗಡಿಯ ವಾದವನ್ನು ಕೆದಕಲು ಇದನ್ನು ಹೇಳುತ್ತಿಲ್ಲ. ಗಡಿ ಎಳೆದ ಸರ್ಕಾರಗಳು ಆ ಗಡಿಯ ಸಂಚಾರದ ಹೊಣೆಯನ್ನು ಹೊತ್ತುಕೊಳ್ಳಲಿಲ್ಲ ಎಂಬುದನ್ನು ದಾಖಲಿಸುತ್ತಿದ್ದೇವೆ.

ಗಡಿ ಇದ್ದರೂ ಜನರ ಓಡಾಟ ನಿಲ್ಲಲಿಲ್ಲ. ರಾಯಚೂರು, ಮಾನ್ವಿ ಕಡೆಯ ರೋಗಿಗಳು ಕರ್ನೂಲಿನ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಕೌತಾಳಂ, ಹೊಳಗುಂದ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಮುಂದಿನ ಓದಿಗೆ ಬಳ್ಳಾರಿ, ರಾಯಚೂರುಗಳತ್ತ ನೋಡುತ್ತಾರೆ. ಮಂತ್ರಾಲಯಕ್ಕೆ ಬರುವ ಭಕ್ತರಲ್ಲಿ ಕನ್ನಡಿಗರೇ ದೊಡ್ಡ ಪಾಲು. ಮಂತ್ರಾಲಯಂ ರೋಡ್ ನಿಲ್ದಾಣದಲ್ಲಿ ಇಳಿದು ಮಠಕ್ಕೆ ಇನ್ನೂ ಸುಮಾರು 15 ಕಿಲೋಮೀಟರ್ ರಸ್ತೆಯಲ್ಲಿ ಹೋಗಬೇಕು. ಮನೆಮಾತು ತೆಲುಗೋ ಕನ್ನಡವೋ ಉರ್ದುವೋ, ಸಂತೆ ಮಾತ್ರ ಒಂದೇ.

ಮಹಿಳೆಯರ ಉಚಿತ ಬಸ್ ಪ್ರಯಾಣವನ್ನು ಕರ್ನಾಟಕ 2023ರ ಜೂನ್‌ನಲ್ಲಿ, ಆಂಧ್ರ 2025ರ ಆಗಸ್ಟ್‌ನಲ್ಲಿ ಜಾರಿಗೆ ತಂದವು. ಎರಡೂ ಶ್ಲಾಘನೀಯ, ಎರಡೂ ಮೂಲತಃ ಆಯಾ ರಾಜ್ಯದೊಳಗಿನ ಪ್ರಯಾಣಕ್ಕೆ. ಆದವಾನಿಯಿಂದ ಸಿರುಗುಪ್ಪಕ್ಕೆ ಮಗಳ ಮನೆಗೆ ಹೊರಟ ತಾಯಿಗೆ ಈ ಎರಡು ಯೋಜನೆಗಳ ನಡುವಿನ ಗಡಿ ಟಿಕೆಟ್ಟಿನ ರೂಪದಲ್ಲಿ ಎದುರಾಗುತ್ತದೆ. ರಾಜ್ಯದ ಗಡಿ ಗೊತ್ತಿಲ್ಲದ ಸಾರ್ವಜನಿಕ ವಾಹನ ಒಂದೇ, ರೈಲು. ಅದು ಸಿರುಗುಪ್ಪಕ್ಕೂ ಹೋಗುವುದಿಲ್ಲ.

ಇರುವ ಹಳಿಯ ಮೇಲೆ ಏನು ನಡೆಯಿತು? 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಎಲ್ಲ ಪ್ಯಾಸೆಂಜರ್ ಗಾಡಿಗಳು ನಿಂತವು. ಅದು ಅನಿವಾರ್ಯವಾಗಿತ್ತು. ಆದರೆ ಮರಳಿ ಬಂದಾಗ ಅವು ವಿಶೇಷ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಬಂದವು. 10 ರೂಪಾಯಿಯ ಕನಿಷ್ಠ ಟಿಕೆಟ್ 30 ರೂಪಾಯಿ ಆಯಿತು. ಗಾಡಿ ಅದೇ, ವೇಗ ಅದೇ, ದರ ಮೂರು ಪಟ್ಟು. ಹಳೆಯ ದರ ಮರಳಿದ್ದು 2024ರ ಫೆಬ್ರವರಿ ಕೊನೆಯಲ್ಲಿ. ಕೋಸಿಗಿಯಿಂದ ಆದವಾನಿಗೆ ದಿನವೂ ಕೂಲಿಗೆ ಹೋಗಿಬರುವವನ ಲೆಕ್ಕದಲ್ಲಿ ಈ ಎರಡು ದರಗಳ ಅಂತರ ದಿನಕ್ಕೆ 40 ರೂಪಾಯಿ.

ಅದೇ ಅವಧಿಯಲ್ಲಿ ರೈಲ್ವೆ ಮಂಡಳಿ ‘ಶೂನ್ಯಾಧಾರಿತ ವೇಳಾಪಟ್ಟಿ’ ಎಂಬ ಕಸರತ್ತು ನಡೆಸಿತು. ಕಡಿಮೆ ಜನ ಹತ್ತಿಳಿಯುವ ನಿಲುಗಡೆಗಳನ್ನು ಕೈಬಿಟ್ಟು ದೂರದ ಗಾಡಿಗಳ ವೇಗ ಹೆಚ್ಚಿಸುವುದು ಅದರ ಆಶಯ. ವೇಗ ಬೇಕು, ನಾವು ಒಪ್ಪುತ್ತೇವೆ. ದೂರದ ಗಾಡಿ ಕುಪ್ಪಗಲ್ಲಿನಲ್ಲಿ, ಆಸ್ಪರಿಯಲ್ಲಿ ನಿಲ್ಲಬೇಕೆಂಬ ಹಟ ನಮಗಿಲ್ಲ. ಆದರೆ ನಿಲುಗಡೆ ತೆಗೆದ ಕಡೆ ಸ್ಥಳೀಯ ಗಾಡಿಯನ್ನು ಕೊಡುವ ಹೊಣೆ ಆ ನೀತಿಯ ಇನ್ನರ್ಧವಾಗಿರಬೇಕಿತ್ತು. ಮೊದಲರ್ಧ ಮಾತ್ರ ಜಾರಿಯಾಯಿತು.

ಇದರ ಪರಿಣಾಮ ಪ್ರಯಾಣದ ಅನನುಕೂಲಕ್ಕೆ ನಿಲ್ಲುವುದಿಲ್ಲ. ಪಶ್ಚಿಮ ಕರ್ನೂಲಿನ ಹಳ್ಳಿಗಳಿಂದ ಪ್ರತಿ ವರ್ಷ ಸುಗ್ಗಿ ಮುಗಿದೊಡನೆ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ತೆಲಂಗಾಣದ ಹತ್ತಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುತ್ತವೆ. ಕೋಸಿಗಿ, ಕೌತಾಳಂ, ಮಂತ್ರಾಲಯ ಮಂಡಲಗಳ ಶಾಲೆಗಳಲ್ಲಿ ಆ ತಿಂಗಳುಗಳಲ್ಲಿ ಖಾಲಿ ಬೆಂಚುಗಳು ಉಳಿಯುತ್ತವೆ, ಏಕೆಂದರೆ ಮಕ್ಕಳೂ ಜೊತೆಗೆ ಹೋಗಿರುತ್ತಾರೆ. ಗುಳೆಗೆ ಮೂಲ ಕಾರಣ ಮಳೆ, ನೀರಾವರಿ, ಕೂಲಿಯ ಅಭಾವ; ತುಂಗಭದ್ರೆ ಪಕ್ಕದಲ್ಲೇ ಹರಿದರೂ ಹೊಲಗಳು ಒಣಗಿರುವ ಕಥೆ ಬೇರೆಯೇ ಸಂಪಾದಕೀಯ ಬೇಡುತ್ತದೆ. ಆದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವ ಅಗ್ಗದ ವಾಹನವಿದ್ದರೆ, ಆದವಾನಿಯ ಜಿನ್ನಿಂಗ್ ಗಿರಣಿಗೋ ರಾಯಚೂರಿನ ಮಾರುಕಟ್ಟೆಗೋ ಎಮ್ಮಿಗನೂರಿನ ಮಗ್ಗಕ್ಕೋ ಹೋಗಿಬರಬಲ್ಲ ಕೆಲವರಾದರೂ ಊರು ಬಿಡಬೇಕಾಗಿಲ್ಲ. ನಿತ್ಯ ಪ್ರಯಾಣ ಅಸಾಧ್ಯವಾದ ಕಡೆ ವಲಸೆಯೇ ಪ್ರಯಾಣವಾಗುತ್ತದೆ.

ಎಮ್ಮಿಗನೂರಿನ ಮಾತು ಬಂತು. ಪದ್ಮಶ್ರೀ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದಿಂದ ದೇಶದ ಕೈಮಗ್ಗದ ಚರಿತ್ರೆಯಲ್ಲಿ ಹೆಸರಾದ ಊರದು. ಇಷ್ಟು ದೊಡ್ಡ ನೇಕಾರಿಕೆಯ ಪಟ್ಟಣಕ್ಕೆ ಇಂದಿಗೂ ರೈಲು ನಿಲ್ದಾಣವಿಲ್ಲ.

ಕರ್ನೂಲಿನಿಂದ ಎಮ್ಮಿಗನೂರಿನ ಮೂಲಕ ಮಂತ್ರಾಲಯಕ್ಕೆ ಹಳಿ ಬೇಕೆಂಬ ಬೇಡಿಕೆ ದಶಕಗಳದು. ಸುಂಕೇಸುಲದ ಸಮೀಪದ ಸಿ. ಬೆಳಗಲ್, ಕೋಡುಮೂರು ಪ್ರದೇಶಗಳು ಆ ಹಳಿಯ ಆಸುಪಾಸಿನಲ್ಲಿ ಬರಬೇಕಾದವು. ಸಮೀಕ್ಷೆಗಳಾಗಿವೆ, ಚುನಾವಣೆಗೆ ಚುನಾವಣೆಗೆ ಭರವಸೆಗಳೂ ಆಗಿವೆ. 2013ರ ಜೂನ್‌ನಿಂದ 2014ರ ಮೇವರೆಗೆ ಕೇಂದ್ರದ ರೈಲ್ವೆ ಸಚಿವರು ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ, ರಾಜ್ಯ ಸಚಿವರಲ್ಲೊಬ್ಬರು ಕರ್ನೂಲಿನ ಸಂಸದ ಕೋಟ್ಲ ಜಯಸೂರ್ಯಪ್ರಕಾಶ ರೆಡ್ಡಿ. ಗಡಿಯ ಎರಡೂ ಕಡೆಯವರು ರೈಲು ಭವನದಲ್ಲಿ ಏಕಕಾಲಕ್ಕೆ ಕುಳಿತಿದ್ದ ವರ್ಷ ಅದು. ಆ ಸುಮಾರಿನ ವರ್ಷಗಳಲ್ಲಿ ಕರ್ನೂಲಿಗೆ ಬೋಗಿ ದುರಸ್ತಿ ಕಾರ್ಖಾನೆ, ಕೋಲಾರಕ್ಕೆ ಕೋಚ್ ಕಾರ್ಖಾನೆ, ಕಲಬುರಗಿಗೆ ರೈಲ್ವೆ ವಿಭಾಗ ಎಂದು ಘೋಷಣೆಗಳಾದವು. ಮಂತ್ರಾಲಯದ ಹಳಿ ಆಗಲೂ ಬರಲಿಲ್ಲ, ಆನಂತರ ಬಂದ ಸರ್ಕಾರಗಳ ಹತ್ತಕ್ಕೂ ಹೆಚ್ಚು ವರ್ಷಗಳಲ್ಲೂ ಬರಲಿಲ್ಲ. ಪಕ್ಷಭೇದವಿಲ್ಲದ ಉಪೇಕ್ಷೆ ಇದು.

ನೆರೆಯಲ್ಲಿ ಹಳಿಗಳೇ ಬಂದಿಲ್ಲವೆಂದಲ್ಲ. ಗದ್ವಾಲ–ರಾಯಚೂರು ಮಾರ್ಗ 2013ರಲ್ಲಿ ತೆರೆಯಿತು. 1990ರ ದಶಕದಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ತೆವಳುತ್ತ ತೆವಳುತ್ತ 2024ರಲ್ಲಿ ಸಿಂಧನೂರು ಮುಟ್ಟಿತು. ತುಂಗಭದ್ರೆಯ ಎಡದಂಡೆಯಲ್ಲಿ ನಿಧಾನವಾಗಿಯಾದರೂ ಆಗುತ್ತಿರುವುದು ಬಲದಂಡೆಯಲ್ಲಿ ಏಕೆ ಆಗುವುದಿಲ್ಲ?

ಉತ್ತರ ಪ್ರತಿಫಲದ ಲೆಕ್ಕದಲ್ಲಿದೆ. ಹೊಸ ಮಾರ್ಗದ ಸಮೀಕ್ಷೆಯಲ್ಲಿ ಹೂಡಿಕೆಗೆ ಎಷ್ಟು ಆದಾಯ ಬರುತ್ತದೆ ಎಂಬುದನ್ನು ಅಂದಾಜು ಮಾಡುತ್ತಾರೆ. ನಿಗದಿತ ದರಕ್ಕಿಂತ ಕಡಿಮೆಯಾದರೆ ಕಡತ ಮುಚ್ಚುತ್ತದೆ. ಉದ್ದನೆಯ ಗಾಡಿಯ ಖರ್ಚನ್ನು ಸಣ್ಣ ಊರಿನ ಸಂಚಾರದ ಎದುರು ತೂಗಿದರೆ ಫಲಿತಾಂಶ ಮೊದಲೇ ಗೊತ್ತಿರುತ್ತದೆ. ಹಗುರ ಗಾಡಿಯ ಖರ್ಚನ್ನು ಇಟ್ಟು ಅದೇ ಲೆಕ್ಕ ಮಾಡಿದರೆ ಏನಾಗುತ್ತದೆ ಎಂಬುದನ್ನು ಸಾರ್ವಜನಿಕರ ಮುಂದಿಟ್ಟವರಿಲ್ಲ.

ಇಲ್ಲಿ ಉತ್ಪ್ರೇಕ್ಷೆ ಬೇಡ. ಹೊಸ ಹಳಿಯ ವೆಚ್ಚದ ದೊಡ್ಡ ಪಾಲು ಭೂಮಿ, ಮಣ್ಣುಕೆಲಸ, ಸೇತುವೆಗಳದು. ಗಾಡಿ ಹಗುರವಾದ ಮಾತ್ರಕ್ಕೆ ಭೂಮಿ ಅಗ್ಗವಾಗುವುದಿಲ್ಲ. ಹಗುರ ಗಾಡಿ ತಗ್ಗಿಸುವುದು ನಿತ್ಯದ ಖರ್ಚನ್ನು. ಮುಂದೆ ಪೂರ್ಣ ರೈಲು ಓಡುವಂತೆ ಜಾಗ ಕಾಯ್ದಿರಿಸಿ, ಸರಳ ನಿಲ್ದಾಣಗಳನ್ನು ಕಟ್ಟಿ, ಮೊದಲ ಹತ್ತು ವರ್ಷ ಸಣ್ಣ ಗಾಡಿಗಳನ್ನೇ ಗಂಟೆಗೊಂದರಂತೆ ಬಿಡಬಹುದು. ದಿನಕ್ಕೆರಡು ಬಾರಿ ಬರುವ ದೊಡ್ಡ ರೈಲಿಗಿಂತ ಗಂಟೆಗೊಮ್ಮೆ ಬರುವ ಸಣ್ಣ ರೈಲು ಹೆಚ್ಚು ಜನರನ್ನು ಬಸ್ಸಿನಿಂದ ಸೆಳೆಯುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಡೀಸೆಲ್ ಕಾಲ ಮುಗಿಯಿತು ಎಂಬ ಆಕ್ಷೇಪ ಸಹಜ. ರೈಲ್ವೆ ತನ್ನ ಬ್ರಾಡ್‌ಗೇಜ್ ಜಾಲವನ್ನು ಬಹುತೇಕ ಪೂರ್ತಿಯಾಗಿ ವಿದ್ಯುದೀಕರಿಸಿದೆ. ತಂತಿಯ ಕೆಳಗೆ ಡೀಸೆಲ್ ಗಾಡಿ ಓಡಿಸುವುದು ವಿವೇಕವಲ್ಲ. ಆದ್ದರಿಂದಲೇ ಗುಂತಕಲ್ಲು–ಆದವಾನಿ–ರಾಯಚೂರು ಮುಖ್ಯ ಮಾರ್ಗದಲ್ಲಿ ನಾವು ಕೇಳುವುದು ರೈಲ್‌ಬಸ್ಸನ್ನಲ್ಲ. ಅದು ಜೋಡಿಹಳಿಯ, ಗೂಡ್ಸ್ ದಟ್ಟಣೆಯ ಮಾರ್ಗ. ಅಲ್ಲಿ ಬೇಕಾದದ್ದು ಕಡಿಮೆ ಬೋಗಿಗಳ ಮೆಮು ವಿದ್ಯುತ್ ಗಾಡಿ, ಶಾಲೆ ಕಚೇರಿಗಳ ವೇಳೆಗೆ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವಂತೆ. ಕವಲು ಮಾರ್ಗಗಳಿಗೆ ಬ್ಯಾಟರಿಯ ಹಗುರ ಗಾಡಿಯೂ ಆಗಬಹುದು. ಗಾಡಿಗೆ ಯಾವ ಇಂಧನ ಎಂಬುದನ್ನು ಎಂಜಿನಿಯರುಗಳು ನಿರ್ಧರಿಸಲಿ.

ಸಾಮರ್ಥ್ಯವಿಲ್ಲವೆಂದು ಹೇಳುವಂತಿಲ್ಲ. ಅಂದು ರೈಲ್‌ಬಸ್ ಕಟ್ಟಿದ ಬಿಇಎಂಎಲ್ ಇಂದು ಮೆಟ್ರೊ ಬೋಗಿಗಳನ್ನು ಕಟ್ಟುತ್ತಿದೆ. ಸ್ಲೀಪರ್ ವಂದೇ ಭಾರತ್ ರೈಲಿನ ಮೊದಲ ಮಾದರಿಯನ್ನು 2024ರಲ್ಲಿ ಹೊರತಂದದ್ದೂ ಅದೇ ಸಂಸ್ಥೆ. ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲಿಗೆ 15,767 ಕೋಟಿ ರೂಪಾಯಿಯ ಯೋಜನೆಗೆ 2020ರಲ್ಲಿ ಒಪ್ಪಿಗೆ ದೊರೆಯಿತು. ಆ ಯೋಜನೆ ಬೇಗ ಮುಗಿಯಲಿ ಎಂದೇ ನಾವೂ ಹಾರೈಸುತ್ತೇವೆ. ಪಶ್ಚಿಮ ಕರ್ನೂಲಿನ, ರಾಯಚೂರಿನ ಗುಳೆಯ ಜನ ಕೊನೆಗೆ ಇಳಿಯುವುದು ಅದೇ ನಗರದಲ್ಲಿ. ಅವರನ್ನು ಊರಲ್ಲೇ ಉಳಿಸಬಲ್ಲ ಗಾಡಿಯ ವೆಚ್ಚ ಅದರ ಎಷ್ಟು ಅಂಶ ಎಂದು ಕೇಳುವ ಹಕ್ಕು ನಮಗಿದೆ.

ನಷ್ಟದ ಮಾತಿಗೂ ಉತ್ತರ ಕೊಡಬೇಕು. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆಂದು ರೈಲ್ವೆ ವರ್ಷಗಳ ಕಾಲ ಟಿಕೆಟ್ ಮೇಲೆಯೇ ಮುದ್ರಿಸಿತು. ಆ ಹೊರೆ ನಿಜ. ಆದರೆ ಅದು ಹವಾನಿಯಂತ್ರಿತ ಬೋಗಿಯವರಿಂದ ಹಿಡಿದು ಎಲ್ಲ ಪ್ರಯಾಣಿಕರ ಸರಾಸರಿ. ಅದನ್ನು ಕೋಸಿಗಿಯ ಕೂಲಿಕಾರನ ಮುಂದೆ ಹಿಡಿಯುವುದು ನ್ಯಾಯವಲ್ಲ. ರಸ್ತೆಗೆ ಹಾಕುವ ಹಣಕ್ಕೆ ಯಾರೂ ಟಿಕೆಟ್ ಆದಾಯದ ಲೆಕ್ಕ ಕೇಳುವುದಿಲ್ಲ.

ಹೊಣೆ ಯಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೊದಲ ಹೊಣೆ ರೈಲ್ವೆ ಮಂಡಳಿಯದು. ಪ್ರತ್ಯೇಕ ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್ಟಿನಲ್ಲಿ ಲೀನವಾದ ಮೇಲೆ ಸಣ್ಣ ಮಾರ್ಗಗಳ ಬಗ್ಗೆ ಸಂಸತ್ತಿನಲ್ಲಿ ಮೊದಲಿನಂತೆ ದಿನಗಟ್ಟಲೆ ಚರ್ಚೆಯಾಗುವ ಅವಕಾಶವೂ ಕುಗ್ಗಿತು. ಅತಿವೇಗದ ರೈಲಿಗೆ ನೀತಿಯಿದೆ, ಸರಕು ಸಾಗಣೆಗೆ ನೀತಿಯಿದೆ. 30ರಿಂದ 100 ಕಿಲೋಮೀಟರ್ ಒಳಗಿನ ಸ್ಥಳೀಯ ಪ್ರಯಾಣಕ್ಕೆ ಘೋಷಿತ ನೀತಿ ಬೇಕು, ಅದಕ್ಕೆ ಹೊಣೆಗಾರನಾದ ಒಬ್ಬ ಅಧಿಕಾರಿ ಬೇಕು.

ರಾಜ್ಯಗಳು ತಪ್ಪಿಸಿಕೊಳ್ಳುವಂತಿಲ್ಲ. ಕರ್ನಾಟಕ ತನ್ನ ಹೊಸ ಮಾರ್ಗಗಳಲ್ಲಿ ಅನೇಕಕ್ಕೆ ಭೂಮಿಯ ಜೊತೆಗೆ ಅರ್ಧ ವೆಚ್ಚವನ್ನೂ ಕೊಡುತ್ತ ಬಂದಿದೆ. ಮಂತ್ರಾಲಯದ ಹಳಿ ಪೂರ್ತಿ ಆಂಧ್ರದ ನೆಲದಲ್ಲಿದ್ದರೂ ಅದರಲ್ಲಿ ಓಡಾಡುವವರಲ್ಲಿ ಕನ್ನಡಿಗರು ಬಹಳ. ಅಮರಾವತಿ ಮತ್ತು ಬೆಂಗಳೂರು ಈ ಒಂದು ಮಾರ್ಗಕ್ಕಾದರೂ ಜಂಟಿ ಪ್ರಸ್ತಾವ ಸಲ್ಲಿಸಲು ಅಡ್ಡಿಯೇನು? ನೀರಿನ ವಿಷಯದಲ್ಲಿ ಜಗಳವಾಡುವ ರಾಜ್ಯಗಳು ತುಂಗಭದ್ರಾ ಮಂಡಳಿಯಲ್ಲಿ ಒಟ್ಟಿಗೆ ಕುಳಿತೇ ಕೆಲಸ ನಡೆಸುತ್ತಿವೆ.

ದಕ್ಷಿಣ ಕರಾವಳಿ ರೈಲ್ವೆ ಎಂಬ ಹೊಸ ವಲಯ 2019ರಲ್ಲಿ ಘೋಷಣೆಯಾಯಿತು. ಗುಂತಕಲ್ಲು ವಿಭಾಗ ಅದರ ಪಾಲು. ವಲಯದ ಕೇಂದ್ರ ವಿಶಾಖಪಟ್ಟಣ, ರಾಜ್ಯದ ಇನ್ನೊಂದು ತುದಿಯ ಸಮುದ್ರತೀರದಲ್ಲಿದೆ. ಗಡಿಯ ಒಣಭೂಮಿಯ ಮಾತು ಅಲ್ಲಿಗೆ ತಲುಪುವುದು ಇನ್ನಷ್ಟು ಕಷ್ಟವಾಗದಂತೆ ನೋಡಿಕೊಳ್ಳುವ ಹೊಣೆ ಕರ್ನೂಲು, ಅನಂತಪುರ, ರಾಯಚೂರು, ಬಳ್ಳಾರಿಗಳ ಸಂಸದರದು. ಅವರು ಪಕ್ಷ ಮರೆತು ಒಂದೇ ಪತ್ರಕ್ಕೆ ಸಹಿ ಹಾಕಲಿ.

ಗುಂತಕಲ್ಲು ವಿಭಾಗ ಈಗಲೇ, ಹೊಸ ಹಣವಿಲ್ಲದೆ, ಮಾಡಬಹುದಾದ ಕೆಲಸವೂ ಇದೆ. 2020ರ ಮಾರ್ಚ್‌ಗೆ ಮುಂಚೆ ನಂಚೆರ್ಲ, ಆಸ್ಪರಿ, ಕುಪ್ಪಗಲ್, ಕೋಸಿಗಿ, ಮಟಮಾರಿಗಳಲ್ಲಿ ಎಷ್ಟು ಗಾಡಿಗಳು ನಿಲ್ಲುತ್ತಿದ್ದವು, ಇಂದು ಎಷ್ಟು ನಿಲ್ಲುತ್ತವೆ, ಕಳೆದ ವರ್ಷ ಎಷ್ಟು ದಿನ ಪ್ಯಾಸೆಂಜರ್ ಗಾಡಿಗಳು ರದ್ದಾದವು, ಗೂಡ್ಸ್‌ಗೆ ದಾರಿ ಬಿಡಲು ಎಷ್ಟು ಹೊತ್ತು ಕಾದವು ಎಂಬ ಲೆಕ್ಕವನ್ನು ಪ್ರಕಟಿಸಲಿ. ಮಂತ್ರಾಲಯ ಮಾರ್ಗದ ಸಮೀಕ್ಷೆಯನ್ನು ಹಗುರ ಗಾಡಿಯ ಖರ್ಚಿನಲ್ಲಿ ಮರುಲೆಕ್ಕ ಮಾಡಿಸಲಿ, ಸಿ. ಬೆಳಗಲ್, ಕೋಡುಮೂರು, ಎಮ್ಮಿಗನೂರುಗಳ ಬಸ್, ಆಟೊ, ಜೀಪುಗಳಲ್ಲಿ ಈಗಾಗಲೇ ಓಡಾಡುತ್ತಿರುವವರನ್ನು ಅದರಲ್ಲಿ ಎಣಿಸಲಿ.

ವಿಭಾಗದ ರೈಲು ಬಳಕೆದಾರರ ಸಮಾಲೋಚನಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಎರಡೂ ವಿಷಯಗಳು ಇರಬೇಕೆಂದು ನಾವು ವಿಭಾಗೀಯ ವ್ಯವಸ್ಥಾಪಕರನ್ನು ಆಗ್ರಹಿಸುತ್ತೇವೆ. ಉತ್ತರ ಲಿಖಿತವಾಗಿರಲಿ, ನಿಲ್ದಾಣದ ಫಲಕದ ಮೇಲೆ ಅಂಟಿಸಿರಲಿ, ತೆಲುಗಿನಲ್ಲೂ ಕನ್ನಡದಲ್ಲೂ ಇರಲಿ.